ಮಲ್ಲಿಕಾ ಟೀಚರ್ ಕಟಿಂಗ್

ಮಲ್ಲಿಕಾ ಟೀಚರಿಗೆ ಗಣಿತ ಬರುತ್ತದೆ, ಹಾಡು ಬರುತ್ತದೆ, ಸ್ಕೂಟಿಯ ಮೇಲೆ ಕೆಸರು ರಸ್ತೆ ದಾಟುವುದೂ ಬರುತ್ತದೆ. ಬರದೇ ಇರುವುದು ಒಂದೇ, ತಲೆಕೂದಲು ಕಟಿಂಗ್ ಮಾಡುವುದು. ಆದರೂ ದೇವದುರ್ಗ ತಾಲೂಕಿನ ಆ ಊರಿನಲ್ಲಿ ಅವಳ ಹೆಸರು ಉಳಿದದ್ದು ಗಣಿತದಿಂದಲ್ಲ, ಹಾಡಿನಿಂದಲೂ ಅಲ್ಲ, ಕಟಿಂಗಿನಿಂದ. ಊರಿನ ಹೆಸರು ಇಲ್ಲಿ ಬೇಡ. ಹೇಳಿದರೆ ಸುತ್ತಲಿನ ಹಳ್ಳಿಯವರು ಅಯ್ಯೋ ಪಾಪ ಎಂದು ಲೊಚಗುಟ್ಟುತ್ತಾರೆ, ತಮ್ಮೂರಿನಲ್ಲೂ ಅದೇ ಕಥೆ ಇದೆ ಎನ್ನುವುದನ್ನು ಮರೆತು.

ಅವಳು ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ. ಅಪ್ಪ ಗದ್ದೆಪ್ಪ ಹರೆಯದಲ್ಲಿ ಮಾನ್ವಿ ಕಡೆಯ ಹಳ್ಳಿಯೊಂದರ ದಲಿತರ ಕೇರಿ ಬಿಟ್ಟು ಬಂದು ಕಾಳಿನ ಪೇಟೆ ಗಂಜಿನಲ್ಲಿ ಮೂಟೆ ಹೊರುವ ಹಮಾಲಿ ಹಿಡಿದವನು. ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಮಗಳು ಓದಿ ನೌಕರಿ ಹಿಡಿದು, ಬಸ್ ಕಂಡಕ್ಟರ್ ಹನುಮಂತರಾಯನನ್ನು ಮದುವೆಯಾಗಿ, ದೇವದುರ್ಗದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟಾಗ ಹೋದಲ್ಲೆಲ್ಲ ಮೊದಲ ಪ್ರಶ್ನೆ, "ನೀವು ಯಾವ ಮಂದಿ?" ನೀರು ಬರುತ್ತದೋ ಇಲ್ಲವೋ, ಕರೆಂಟು ಇರುತ್ತದೋ ಇಲ್ಲವೋ, ಆ ಮಾತೆಲ್ಲ ಆಮೇಲೆ. ಹನುಮಂತರಾಯ ಮುಖ ತಗ್ಗಿಸಿ ನೆಲ ನೋಡುತ್ತಿದ್ದ. ಮಲ್ಲಿಕಾ ಮಾತ್ರ, "ನಾವು ಟೈಮಿಗೆ ಬಾಡಿಗಿ ಕೊಡೋ ಮಂದಿರೀ" ಎನ್ನುತ್ತಿದ್ದಳು. ಎಷ್ಟೋ ಮನೆಗಳ ಬಾಗಿಲು ಅಷ್ಟಕ್ಕೇ ಮುಚ್ಚಿದವು. ಕೊನೆಗೆ ಶಹಜಾದಿ ಬೇಗಂ ಎಂಬ ಮುದುಕಿ ಆ ಉತ್ತರ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಮಹಡಿಯ ಮೇಲಿನ ಎರಡು ಕೋಣೆ ಬಿಟ್ಟುಕೊಟ್ಟಳು. ಅಲ್ಲಿಂದ ದಿನಾ ಸ್ಕೂಟಿಯಲ್ಲಿ ಆ ಹಳ್ಳಿಯ ಶಾಲೆಗೆ ಓಡಾಟ.

ಶಾಲೆಗೆ ಬಂದ ಮೊದಲ ಜೂನಿನಲ್ಲೇ ಅವಳಿಗೊಂದು ವಿಚಿತ್ರ ಕಂಡಿತು. ಸೋಮವಾರ ಬಂತೆಂದರೆ ಕೆಳಗಿನ ಕೇರಿಯ ಹುಡುಗರಲ್ಲಿ ನಾಲ್ಕೈದು ಮಂದಿ ಗೈರು. ಈ ವಾರ ಇವರು, ಮುಂದಿನ ವಾರ ಅವರು. ಆ ಕೇರಿಯ ಹುಡುಗಿಯರು ಮಾತ್ರ ತಪ್ಪದೆ ಬರುತ್ತಿದ್ದರು. ಮಂಗಳವಾರ ಬಂದ ಹುಡುಗರ ಮುಖದಲ್ಲಿ ಪೇಟೆ ನೋಡಿ ಬಂದ ಕಳೆ, ಬಾಯಲ್ಲಿ ದೇವದುರ್ಗದ ಮಿರ್ಚಿ ಭಜಿಯ ವರ್ಣನೆ. ಟೀಚರ್ ತನ್ನ ಗಣಿತ ಹಾಕಿದಳು: ಇದು ತಿರುಗಾಟದ ಚಟ. ಏಳನೆಯ ತರಗತಿಯ ಸುಭಾಷನನ್ನು, ಓದಿನಲ್ಲಿ ಅಷ್ಟು ಚುರುಕಾದವನು ಹೀಗೆ ಹಾಳಾಗುತ್ತಾನಲ್ಲ ಎಂಬ ಸಂಕಟಕ್ಕೆ, ಎಲ್ಲರೆದುರು ನಿಲ್ಲಿಸಿ ಚೆನ್ನಾಗಿ ಬೈದಳು. ಅವನು ತಲೆ ತಗ್ಗಿಸಿದ. ಹಿಂದಿನ ದಿನವಷ್ಟೇ ಕತ್ತರಿಸಿ ಎಣ್ಣೆ ಹಚ್ಚಿದ ತಲೆ ಅವಳ ಕಣ್ಣ ಮುಂದೆಯೇ ಇತ್ತು. ನೋಡಿದಳು, ತಿಳಿಯಲಿಲ್ಲ. ಪಟ್ಟಣದಲ್ಲಿ ಉದ್ದ ಜಡೆ ಬಿಟ್ಟು ಬೆಳೆದವಳಿಗೆ ಹಳ್ಳಿಯ ಕಟಿಂಗ್ ಅಂಗಡಿಯ ಸಂಗತಿ ಎಲ್ಲಿಂದ ಗೊತ್ತಿರಬೇಕು?

ಮರುದಿನ ಸುಭಾಷನ ಅಜ್ಜಿ ತಿಮ್ಮವ್ವ ಬಂದಳು. ಜಗಳಕ್ಕೇ ಬಂದವಳು ಎಂದು ಗೊತ್ತಾಗುವಂತೆ ಸೆರಗು ಬಿಗಿದು ಕಟ್ಟಿದ್ದಳು.

"ನನ್ನ ಮೊಮ್ಮಗನ್ನ ಯಾಕ ಬೈದಿ ಟೀಚರಾ?"

"ಸಾಲಿ ಬಿಟ್ಟು ದೇವದುರ್ಗ ಸುತ್ತಾಕ ಹೋಗ್ಯಾನ ಯವ್ವಾ, ಬೈಬಾರ್ದೇನು?"

"ಸುತ್ತಾಕಲ್ಲ, ಕಟಿಂಗ್ ಮಾಡಿಸಾಕ. ನಾನ ಕರಕೊಂಡು ಹೋಗೀನಿ. ಕೇರಿ ಹುಡುಗ್ರನ್ನೆಲ್ಲ ನಾನ ಕರಕೊಂಡು ಹೋಗ್ತೀನಿ. ಐತವಾರ ಈ ಊರಿಗೆ ಬಸ್ ಬರಲ್ಲ. ಸೋಮವಾರ ಯಾರೂ ಎತ್ತು ಹೂಡಲ್ಲ, ನನಗ ಕೂಲಿ ಇರಲ್ಲ. ಮತ್ಯಾವಾಗ ಹೋಗ್ಲಿ, ನೀನ ಹೇಳು."

"ಊರಾಗ ಆದೆಪ್ಪನ ಅಂಗಡಿ ಅದಲ್ಲ ಯವ್ವಾ?"

ತಿಮ್ಮವ್ವ ಅವಳ ಮುಖವನ್ನೇ ನೋಡಿದಳು. ಇವಳು ಬೇಕೆಂದೇ ಕೇಳುತ್ತಿಲ್ಲ, ನಿಜಕ್ಕೂ ಗೊತ್ತಿಲ್ಲ ಎಂದು ತಿಳಿದ ಮೇಲೆ ಸೆರಗು ಸಡಿಲಿಸಿ ಕಟ್ಟೆಯ ಮೇಲೆ ಕೂತಳು. "ಅಂಗಡಿ ಅದ. ಕುರ್ಚಿನೂ ಅದ. ಕನ್ನಡಿನೂ ಅದ. ನಮ್ಮ ಮಂದಿಗೆ ಇಲ್ಲ" ಎಂದಳು.

ಮಲ್ಲಿಕಾಗೆ ಮೊದಲು ನಾಚಿಕೆಯಾಯಿತು, ಆಮೇಲೆ ಮೈಯೆಲ್ಲ ಸಿಟ್ಟು ಬಂತು. ತರಗತಿಗೆ ಹೋಗಿ, ಬೈದ ಜಾಗದಲ್ಲೇ ನಿಂತು, "ತಪ್ಪು ನಂದು ಸುಭಾಷ್" ಎಂದಳು. ಸಂಜೆ ರಾಯಚೂರಿಗೆ ಫೋನ್ ಮಾಡಿ ಅಪ್ಪನನ್ನು ಕೇಳಿದಳು, ನಿಮ್ಮೂರಿನಲ್ಲೂ ಹೀಗೇ ಇತ್ತಾ ಎಂದು. ಗದ್ದೆಪ್ಪ ನಗುತ್ತಾ ಹೇಳಿದ. "ನಾವು ಮಾನ್ವಿತನಕ ನಡಕೊಂಡು ಹೋಗ್ತಿದ್ವಿ ಬೇ. ರಾಯಚೂರಿಗೆ ಬಂದ ದಿನ ನಾ ಮೊದ್ಲು ಮಾಡಿದ ಕೆಲಸ ಏನು ಗೊತ್ತೇನು? ಸಲೂನಿನಾಗ ಹೋಗಿ ಕುರ್ಚಿ ಮ್ಯಾಲ ಕುಂತು ಗಡ್ಡ ಮಾಡು ಅಂದೆ. ಅಂವ, ಗಡ್ಡ ಎಲ್ಲದ ಅಂತ ನಕ್ಕ. ಇರ್ಲಿ, ಮಾಡು ಅಂದೆ." ಇಷ್ಟು ವರ್ಷ ಈ ಮಾತನ್ನು ಮಗಳಿಗೆ ಹೇಳಿರಲಿಲ್ಲ. ಮಲ್ಲಿಕಾ ಅಪ್ಪನ ಜೊತೆ ನಕ್ಕಳು, ಫೋನಿಟ್ಟ ಮೇಲೆ ಅತ್ತಳು.

ಶಾಲೆ ಬಿಟ್ಟ ಮೇಲೆ ಒಂದು ದಿನ ಆದೆಪ್ಪನ ಅಂಗಡಿಗೇ ಹೋದಳು. ಆದೆಪ್ಪ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಒಂದು ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವನು ಎದ್ದು ನಿಂತು, ಸ್ಟೂಲು ಒರೆಸಿ ಕೊಟ್ಟು, ಚಹಾ ತರಿಸಿದ. ಕೈಚಳಕದವನು ಬೇರೆ; ಸಿರವಾರದಿಂದ ಮದುವೆ ಗಂಡುಗಳು ಅವನ ಹತ್ತಿರವೇ ಕಟಿಂಗಿಗೆ ಬರುತ್ತಿದ್ದರು, ಅದನ್ನು ಅವನೇ ಮಾತಿಗೆ ಮುಂಚೆ ಹೇಳಿಕೊಂಡ. ಆಮೇಲೆ ಅಂದ, "ನನ್ನ ಕೈಯಾಗ ಏನದ ಟೀಚರ್? ಸುಗ್ಗಿಗೆ ದೊಡ್ಡ ಮನಿಯವ್ರು ಕೊಡೋ ಜ್ವಾಳದಾಗ ನನ್ನ ವರ್ಷ ಹೋಗ್ತದ. ಕೇರಿ ಹುಡುಗ್ರನ್ನ ಈ ಕುರ್ಚಿ ಮ್ಯಾಲ ಕೂಡ್ರಿಸಿದ್ರ ಗಡಿಗೆಪ್ಪ ಸಾವಕಾರ್ರು ಮರುದಿನಾನ ಜ್ವಾಳ ನಿಲ್ಲಸ್ತಾರ."

ಈ ಕುರ್ಚಿಯ ವಿಷಯಕ್ಕೆ ಹಿಂದೊಮ್ಮೆ ಅಧಿಕಾರಿಗಳೂ ಬಂದು ಹೋಗಿದ್ದರಂತೆ. ಶಾಂತಿ ಸಭೆ ಅಂತ ಪೆಂಡಾಲು ಹಾಕಿ, ಎಲ್ಲರೂ ಒಂದೇ ಎಂದು ಭಾಷಣ ಮಾಡಿ, ಕೇರಿಯ ಹುಡುಗನೊಬ್ಬನನ್ನು ಕುರ್ಚಿಯ ಮೇಲೆ ಕೂರಿಸಿದರು. ಆದೆಪ್ಪ ಫೋಟೋಕ್ಕೆ ಬೇಕಾದಷ್ಟು ಕತ್ತರಿ ಆಡಿಸಿದ. ಸಾಹೇಬರ ಜೀಪಿನ ಧೂಳು ಅಡಗುವ ಮೊದಲೇ ಅಂಗಡಿಗೆ ಬೀಗ ಬಿತ್ತು. ದೊಡ್ಡ ಮನೆಗಳ ತಲೆಗಳನ್ನು ಅವರವರ ಅಂಗಳದಲ್ಲೇ ಮಾಡಿಕೊಟ್ಟ. ಊರು ತಣ್ಣಗಾದ ಮೇಲೆ ಬೀಗ ತೆಗೆದ. ಅರ್ಧ ತಲೆ ಕಟಿಂಗ್ ಆಗಿದ್ದ ಆ ಹುಡುಗ ಉಳಿದರ್ಧ ಮಾಡಿಸಲು ದೇವದುರ್ಗಕ್ಕೆ ಹೋದನಂತೆ. ಮಲ್ಲಿಕಾ ಯೋಚಿಸಿದಳು: ಕೇಸು ಹಾಕಿದರೆ ಆದೆಪ್ಪ ಒಳಗೆ ಹೋಗುತ್ತಾನೆ, ಗಡಿಗೆಪ್ಪ ಹೊರಗೇ ಇರುತ್ತಾನೆ, ಹುಡುಗರು ಸೋಮವಾರ ಬಸ್ಸಿನಲ್ಲೇ ಇರುತ್ತಾರೆ.

ಆ ಭಾನುವಾರ ರಾಯಚೂರಿಗೆ ಹೋದವಳು ಒಂದು ಕಟಿಂಗ್ ಮಷೀನು, ಎರಡು ಕತ್ತರಿ, ಬಾಚಣಿಗೆ ಕೊಂಡು ತಂದಳು. ಯಾರ ಅಂಗಳದಲ್ಲಿ ಯಾರನ್ನು ಕೂರಿಸಬೇಕು ಎಂಬ ತಕರಾರು ಮನೆಮನೆಗೆ ಇರಬಹುದು, ಶಾಲೆಯ ಅಂಗಳದಲ್ಲಿ ಎಲ್ಲರೂ ಕೂರಬಹುದಲ್ಲ? ಮೊದಲ ಪ್ರಯೋಗ ಗಂಡನ ಮೇಲೆ. ಹನುಮಂತರಾಯ ನಂಬಿಗಸ್ತ ಗಂಡ, ಕೇಳಿದ ತಕ್ಷಣ ಕೂತ. ಎದ್ದು ಕನ್ನಡಿ ನೋಡಿಕೊಂಡ. ಆ ತಿಂಗಳು ಪೂರ್ತಿ ಟೋಪಿ ಹಾಕಿಕೊಂಡೇ ಟಿಕೆಟ್ ಹರಿದ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಜಗಲಿಯ ಮೇಲೆ ಕುರ್ಚಿ ಹಾಕಿದಳು. ಹೆಡ್ ಮಾಸ್ತರರು, "ಊರ ವಿಷಯಕ್ಕ ಕೈ ಹಾಕಬ್ಯಾಡ್ರಿ ಮೇಡಂ" ಎಂದು ಮೆಲ್ಲಗೆ ಹೇಳಿ, ತಮಗೆ ತುರ್ತು ಕೆಲಸವಿದೆ ಎಂದು ಹೊರಟುಹೋದರು. ಸುಭಾಷ್ ಮೊದಲು ಕೂತ. ಮಷೀನು ಗುರ್ ಎಂದದ್ದೇ ತಡ, ಶಾಲೆಯೆಲ್ಲ ಸುತ್ತ ಸೇರಿತು. ಎಡಗಡೆ ಸ್ವಲ್ಪ ಹೆಚ್ಚಾಯಿತೆಂದು ಬಲಗಡೆ ಸರಿ ಮಾಡಲು ಹೋದಳು. ಬಲಗಡೆ ಹೆಚ್ಚಾಯಿತೆಂದು ಮತ್ತೆ ಎಡಕ್ಕೆ ಬಂದಳು. ಮುಗಿದಾಗ ಸುಭಾಷನ ತಲೆ ಹಂದಿ ಹೊಕ್ಕ ಶೇಂಗಾದ ಹೊಲದ ಹಾಗಿತ್ತು. ಹುಡುಗರು ಬಿದ್ದು ಬಿದ್ದು ನಕ್ಕರು, ಸುಭಾಷನೂ ನಕ್ಕ. ಆದರೆ ಮಷೀನು ಕುತ್ತಿಗೆಗೆ ಕಚಗುಳಿ ಇಡುತ್ತದೆ ಎಂಬ ಸುದ್ದಿ ಹಬ್ಬಿ ಪಾಳಿಯ ಸಾಲು ಬೆಳೆಯಿತು. ಕೇರಿಯ ಹುಡುಗರ ನಡುವೆ ಗಡಿಗೆಪ್ಪ ಸಾವಕಾರನ ಮೊಮ್ಮಗ ಕೊಟ್ರೇಶನೂ ಬಂದು ನಿಂತಿದ್ದ. ಮಲ್ಲಿಕಾ ಒಂದು ಗಳಿಗೆ ಅವನನ್ನು ನೋಡಿದಳು, ಬಾ ಎಂದಳು, ಅದೇ ಟವೆಲ್ಲು ಹೊದಿಸಿದಳು.

ಸೋಮವಾರ ತರಗತಿ ತುಂಬಿತ್ತು. ಜೊತೆಗೆ ಗಡಿಗೆಪ್ಪನೂ ಬಂದಿದ್ದ.

"ಆ ಹುಡುಗ್ರ ತಲಿಗೆ ಹಚ್ಚಿದ ಬಾಚಣಿಗೀನ ನಮ್ಮ ಹುಡುಗಂಗೂ ಹಚ್ಚೀರೇನ್ರಿ?"

"ಅದನ್ನ ಹಚ್ಚೀನ್ರಿ ಸಾವಕಾರ್ರ. ಎಲ್ಲರಿಗೂ ಡೆಟಾಲಿನಾಗ ತೊಳದದ್ದು."

"ನಿಮ್ಮನ್ನ ಬ್ಯಾರೆ ಊರಿಗೆ ಬದಲಿ ಮಾಡಸ್ತೀನಿ, ತಿಳ್ಕೊರಿ."

"ಮಾಡಸ್ರಿ. ಹೋದ ಊರಾಗೂ ಹುಡುಗ್ರಿಗೆ ಕೂದಲ ಇರ್ತಾವ."

ಬಾಯಿ ಹಾಗೆ ಅಂದಿತೇ ಹೊರತು ಒಳಗೆ ಬೇರೆಯೇ ಲೆಕ್ಕ ನಡೆದಿತ್ತು. ಶಹಜಾದಿ ಬೇಗಂ ಬಿಟ್ಟರೆ ಮತ್ಯಾರು ಮನೆ ಕೊಡುತ್ತಾರೆ, ಇನ್ನೊಂದು ಪೇಟೆಯಲ್ಲಿ ಮತ್ತೆ ಯಾವ ಮಂದಿ ಎಂಬಲ್ಲಿಂದ ಶುರು ಮಾಡಬೇಕಲ್ಲ ಎಂಬ ಚಿಂತೆ. ಗಡಿಗೆಪ್ಪ ಇನ್ನೂ ಏನೋ ಹೇಳುವುದರಲ್ಲಿದ್ದ, ಅಷ್ಟರಲ್ಲಿ ಮೊಮ್ಮಗನ ತಲೆಯ ಹಿಂಭಾಗ ಕಣ್ಣಿಗೆ ಬಿತ್ತು. ಸಿಟ್ಟು ಮರೆತು, "ಇದೇನ್ರಿ ಇದು" ಎಂದ. ಅದೇನೆಂದು ಮಲ್ಲಿಕಾಗೂ ಗೊತ್ತಿರಲಿಲ್ಲ.

ಶನಿವಾರದ ಮೇಲೆ ಶನಿವಾರ ಬಂತು. ಅವಳ ಕೈ ಸುಧಾರಿಸಲಿಲ್ಲ, ಪಾಳಿ ಕಡಿಮೆಯಾಗಲಿಲ್ಲ. ಊರ ಹುಡುಗರ ತಲೆಗಳೆಲ್ಲ ಒಂದೇ ಕಾರ್ಖಾನೆಯ ಮಾಲಿನಂತೆ ಅಡ್ಡಾಡತೊಡಗಿದವು. ಮೇಲಿನ ಓಣಿಯ ತಲೆ ಯಾವುದು, ಕೆಳಗಿನ ಕೇರಿಯ ತಲೆ ಯಾವುದು ಎಂದು ಹಿಂದಿನಿಂದ ನೋಡಿ ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ತಿಮ್ಮವ್ವ ಮಾತ್ರ ಪ್ರತಿ ವಾರ ಬಂದು ಕಂಬಕ್ಕೊರಗಿ ನೋಡಿ, "ಛಲೋ ಆಗ್ಯಾವ" ಎಂದು ಮುಖ ಗಟ್ಟಿ ಮಾಡಿಕೊಂಡು ಹೇಳಿ ಹೋಗುತ್ತಿದ್ದಳು.

ಪೆಟ್ಟು ಬಿದ್ದದ್ದು ಯಾರೂ ಎಣಿಸದ ಕಡೆ. ಇದನ್ನು ಆದೆಪ್ಪನೇ ಆಮೇಲೆ ಹೇಳಿಕೊಂಡದ್ದು. ಕತ್ತರಿಗೆ ಸಾಣೆ ಹಿಡಿಸಲು ದೇವದುರ್ಗಕ್ಕೆ ಹೋದವನು ರೂಢಿಯಂತೆ ಲಾಲ್ ಸಾಬನ ಸಲೂನಿಗೆ ಮಾತಾಡಿಸಲು ಹೋದ. ಲಾಲ್ ಸಾಬ್ ಗಿರಾಕಿಗಳೆದುರು ಕೇಳಿದ, "ನಿಮ್ಮೂರ ಹುಡುಗ್ರು ಬಸ್ ಸ್ಟ್ಯಾಂಡಿನಾಗ ಕಂಡ್ರು ಆದೆಪ್ಪ. ಕಣ್ಣಿಗೆ ಪೊರಿ ಬಂದದೇನು ಭಾಯಿ? ಆಪರೇಷನ್ ಮಾಡಿಸ್ಕೋ." ಅಂಗಡಿಯೆಲ್ಲ ನಕ್ಕಿತು. ಆ ಊರಿನ ತಲೆ ಎಂದರೆ ಆದೆಪ್ಪನ ಕೆಲಸ ಎಂದೇ ಸುತ್ತಮುತ್ತ ಲೆಕ್ಕ. ಆದೆಪ್ಪ ಬಿಸಿಯಾಗಿ, ಅವು ನಾನು ಮಾಡಿದ ತಲಿ ಅಲ್ಲ ಎಂದ. "ಮತ್ಯಾರು ಮಾಡ್ಯಾರ?" ಸಾಲಿ ಟೀಚರ್ ಎಂದ. "ಟೀಚರ್ ಯಾಕ ಮಾಡ್ತಾರ? ನೀನಿಲ್ಲೇನು?" ಲಾಲ್ ಸಾಬನ ಕುರ್ಚಿಯ ಮೇಲೆ ಯಾರು ಬೇಕಾದರೂ ಕೂರುತ್ತಿದ್ದರು. ಅಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಚಹಾ ಬಿಟ್ಟು ಎದ್ದು ಬಂದ.

ಮುಂದಿನ ಶನಿವಾರ ಶಾಲೆಯ ಗೇಟಿನ ಹತ್ತಿರ ಆದೆಪ್ಪ ನಿಂತಿದ್ದ. ಕುರ್ಚಿಯಲ್ಲಿ ಸುಭಾಷ್. ಮಲ್ಲಿಕಾ ಅವನ ಕಿವಿಯ ಹಿಂದೆ ಕತ್ತರಿ ಹಿಡಿದು ಎಲ್ಲಿಂದ ಶುರು ಮಾಡಲಿ ಎಂದು ನೋಡುತ್ತಿದ್ದಳು. ಶುರು ಮಾಡಿದಳು. ಆದೆಪ್ಪ ಕಣ್ಣು ಮುಚ್ಚಿಕೊಂಡ. ತೆಗೆದ. ಇನ್ನೂ ಕೆಟ್ಟಿತ್ತು. ನಾಲ್ಕು ಹೆಜ್ಜೆಯಲ್ಲಿ ಬಂದವನೇ, "ಸರೀರಿ ಆ ಕಡಿ" ಎಂದು ಕತ್ತರಿ ಕಿತ್ತುಕೊಂಡು, ಹುಡುಗನ ತಲೆ ಬಗ್ಗಿಸಿ ಕೆಲಸಕ್ಕೆ ಹತ್ತಿದ. ಹುಡುಗರ ಗದ್ದಲ ಪಕ್ಕನೆ ನಿಂತಿತು. ಕತ್ತರಿಯ ಸದ್ದೊಂದೇ. ಕುತ್ತಿಗೆಯ ಅಂಚು ನೂಲು ಹಿಡಿದಂತೆ ಬಂದ ಮೇಲೆಯೇ ಆದೆಪ್ಪ ತಲೆ ಎತ್ತಿದ್ದು, ತಾನು ಯಾರ ತಲೆ ಮುಟ್ಟಿದ್ದೇನೆ ಎಂಬುದು ನೆನಪಾದದ್ದು.

ಬೆವರು ಒರೆಸಿಕೊಂಡು, ಆಗಲೇ ಒಂದು ದಾರಿ ಹುಡುಕಿದ. "ಹಿಂಗ ಮಾಡೂಣು ಟೀಚರ್. ಶನಿವಾರಕ್ಕೊಮ್ಮಿ ನಾನ ಸಾಲಿಗೆ ಬಂದು ಈ ಹುಡುಗ್ರಿಗೆ ಮಾಡಿ ಹೋಗ್ತೀನಿ. ಸಾವಕಾರ್ರಿಗೂ ತ್ರಾಸ ಇಲ್ಲ, ನಿಮಗೂ ತ್ರಾಸ ಇಲ್ಲ."

ಮಲ್ಲಿಕಾಗೆ ಒಂದು ಕ್ಷಣ ಒಪ್ಪಿಬಿಡೋಣ ಎನಿಸಿತು. ಹುಡುಗರಿಗೆ ಸೋಮವಾರ ಸಿಕ್ಕಿದೆ, ಚಂದದ ತಲೆಯೂ ಸಿಗುತ್ತದೆ, ಬದಲಿಯ ಭಯವೂ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಕಂಬದ ಹತ್ತಿರದಿಂದ ತಿಮ್ಮವ್ವ ಮಾತಾಡಿದಳು.

"ಬ್ಯಾಡ. ಸಾಲಿ ಸರಕಾರದ್ದು, ಇಲ್ಲಿ ಕೂಡ್ರಾಕ ಯಾರನ್ನೂ ಕೇಳಬೇಕಾಗಿಲ್ಲ. ನಿನ್ನ ಅಂಗಡಿ ಕುರ್ಚಿ ಮ್ಯಾಲ ಕೂಡ್ರಿಸ್ತೀಯೇನು, ಅದನ್ನ ಹೇಳು ಆದೆಪ್ಪ. ನಮ್ಮ ಹುಡುಗ್ರು ಬ್ಯಾರೆ ಜಾಗದಾಗ ಮಾಡಿಸ್ಕೊಳ್ಳೋದು ಸಾಕಾಗ್ಯದ."

ಮುದುಕಿ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಳು. ದಿನಾ ಶಾಲೆಯಲ್ಲಿ ಸಮಾನತೆ ಪಾಠ ಮಾಡುವ ತಾನು ಇಷ್ಟು ಬೇಗ ಸೋಲಲು ಹೊರಟಿದ್ದೆನಲ್ಲ ಎಂದು ಮಲ್ಲಿಕಾಗೆ ತನ್ನ ಮೇಲೇ ರೇಗಿತು. ಆಮೇಲೆ ಎಲ್ಲಿಂದಲೋ ತುಂಟತನ ಬಂತು.

"ಕೇಳಿದೆಲ್ಲ ಆದೆಪ್ಪಣ್ಣ. ಅಂಗಡಿಯಾಗ ಆದ್ರ ನೀ ಮಾಡು. ಸಾಲಿಯಾಗ ಆದ್ರ ನಾನ ಮಾಡ್ತೀನಿ. ಆಗಸ್ಟ್ ಹದಿನೈದಕ್ಕ ನಮ್ಮ ಹುಡುಗ್ರು ದೇವದುರ್ಗ ಮೈದಾನದಾಗ ಕವಾಯತು ಮಾಡವ್ರು ಅದಾರ. ತಾಲೂಕಿನ ಮಂದಿ ಎಲ್ಲ ಬಂದಿರ್ತಾರ. ಅದರ ಹಿಂದಿನ ದಿನ ಎಲ್ಲರಿಗೂ ನನ್ನ ಕೈಲೇ ಹೊಸ ಕಟಿಂಗ್."

ಆದೆಪ್ಪನ ಮುಖ ಬಿಳಿಚಿತು. ಮೈದಾನದ ತುಂಬ ಆ ತಲೆಗಳು ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವುದು, ಮುಂದಿನ ಸಾಲಿನಲ್ಲಿ ಲಾಲ್ ಸಾಬ್ ಕೂತಿರುವುದು ಅವನ ಕಣ್ಣಿಗೆ ಕಟ್ಟಿರಬೇಕು. ಕತ್ತರಿ ಟೀಚರ ಕೈಗಿಟ್ಟು ಹೊರಟುಹೋದ. ಸಂಜೆ ತಿಮ್ಮವ್ವನ ಮನೆಯ ಮುಂದೆ ಹಾದುಹೋಗುತ್ತ, ಯಾರಿಗೋ ಹೇಳಿದಂತೆ, "ಐತವಾರ ಮುಂಜಾನಿ ಅಂಗಡಿ ಲಗೂ ತೆಗಿತೀನಿ" ಎಂದನಂತೆ.

ಸುದ್ದಿ ತಿಳಿದು ಭಾನುವಾರ ಮಲ್ಲಿಕಾ ರಜೆ ಬಿಟ್ಟು ಸ್ಕೂಟಿ ಏರಿ ಬಂದಳು. ಆದೆಪ್ಪನ ಅಂಗಡಿಯ ಬೆಂಚಿನ ಮೇಲೆ ಕೊಟ್ರೇಶ ಕೂತಿದ್ದ. ಕೆಟ್ಟ ತಲೆ ರಿಪೇರಿಗೆ ಮನೆಯವರೇ ಕಳಿಸಿದ್ದರು. ಪಕ್ಕದಲ್ಲಿ, ಅವನಿಗಿಂತ ಮೊದಲೇ ಬಂದು ಪಾಳಿ ಹಿಡಿದಿದ್ದ ಸುಭಾಷ್. ಬಾಗಿಲಲ್ಲಿ ತಿಮ್ಮವ್ವ. ಇದೇ ಹೊತ್ತಿಗೆ ಗಡಿಗೆಪ್ಪನೂ ಬಂದು ರಸ್ತೆಯ ಮೇಲೆ ನಿಂತ.

"ಆ ಕುರ್ಚಿ ಮ್ಯಾಲ ಯಾರನ್ನ ಕೂಡ್ರಿಸಾಕತ್ತಿ, ನೋಡಿ ಕೂಡ್ರಸು ಆದೆಪ್ಪ. ಸುಗ್ಗಿ ಮುಂದ ಅದ" ಎಂದ ಗಡಿಗೆಪ್ಪ.

ಆದೆಪ್ಪ ಕೈಯಲ್ಲಿದ್ದ ಬಟ್ಟೆ ಝಾಡಿಸಿದ. "ಗೊತ್ತದರಿ ಸಾವಕಾರ್ರ. ನಿಮ್ಮ ಜ್ವಾಳ ನಿಮ್ಮ ಮನ್ಯಾಗ ಇರ್ಲಿ. ನನ್ನ ಹೆಸರು ದೇವದುರ್ಗದಾಗ ಕೆಟ್ಟ ಮ್ಯಾಲ ಜ್ವಾಳ ತಿಂದು ಏನ್ ಮಾಡ್ಲಿ. ಅಂಗಡಿ ಮುಚ್ಚಂದ್ರ ಮುಚ್ಚತೀನಿ. ಆಮ್ಯಾಲ ನಿಮ್ಮ ಕೊಟ್ರೇಶಗೂ ಟೀಚರ ಮಾಡ್ತಾರ. ನಿಮಗೂ ಬೇಕಂದ್ರ ಮಾಡ್ತಾರ."

ಗಡಿಗೆಪ್ಪ ಮೊಮ್ಮಗನ ತಲೆ ನೋಡಿದ. ಟೀಚರನ್ನು ನೋಡಿದ. ತನ್ನ ತಲೆಯ ಮೇಲೊಮ್ಮೆ ತನಗರಿವಿಲ್ಲದೆ ಕೈ ಹೋಯಿತು. ಏನೋ ಗೊಣಗಿಕೊಂಡು ನಡೆದ. ಆ ಸುಗ್ಗಿಗೆ ಅವನು ಜೋಳ ಕೊಡಲಿಲ್ಲ ಎನ್ನುವುದನ್ನೂ ಹೇಳಬೇಕು. ಅಂದಿನಿಂದ ಅವನ ಕಟಿಂಗು ದೇವದುರ್ಗದಲ್ಲೇ, ಲಾಲ್ ಸಾಬನ ಹತ್ತಿರ, ಎಲ್ಲರೂ ಕೂರುವ ಕುರ್ಚಿಯ ಮೇಲೆ. ಆದರೆ ಕೊಟ್ರೇಶನನ್ನು ಆ ದಿನ ಬೆಂಚಿನಿಂದ ಎಬ್ಬಿಸಿಕೊಂಡು ಹೋಗಲಿಲ್ಲ.

ಆದೆಪ್ಪನಿಗೆ ಬುದ್ಧಿ ಬಂತು ಎಂದು ಮಲ್ಲಿಕಾ ಎಲ್ಲೂ ಹೇಳಿಕೊಳ್ಳುವುದಿಲ್ಲ. ಅವನು ನ್ಯಾಯಕ್ಕೆ ಬಾಗಲಿಲ್ಲ, ತನ್ನ ಕತ್ತರಿಯ ಮರ್ಯಾದೆಗೆ ಬಾಗಿದ. ಅದು ಅವಳಿಗೆ ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ. ಆದರೂ ಆ ಬೆಳಿಗ್ಗೆ ಚುಚ್ಚಲಿಲ್ಲ, ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಯಾರದು ಪಾಳಿ?" ಎಂದ ಆದೆಪ್ಪ.

ಸುಭಾಷ್ ಎದ್ದು, ಚಪ್ಪಲಿ ಬಿಡಬೇಕೋ ಬೇಡವೋ ಎಂದು ಹೊಸ್ತಿಲಲ್ಲಿ ತಡವರಿಸಿ, ಬಿಡದೆಯೇ ಒಳಗೆ ಬಂದು ಕುರ್ಚಿ ಹತ್ತಿ ಕೂತ. ಆದೆಪ್ಪ ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದ. ಆಮೇಲೆ, ಎಲ್ಲ ಗಿರಾಕಿಗಳನ್ನೂ ಕೇಳುವ ಹಾಗೆ, ಕನ್ನಡಿಯಲ್ಲಿ ಹುಡುಗನನ್ನು ನೋಡುತ್ತ ಕೇಳಿದ, "ಹೆಂಗ ಮಾಡ್ಲಿ?"

ಸುಭಾಷ್ ಗಾಬರಿಯಾಗಿ ಅಜ್ಜಿಯ ಕಡೆ ತಿರುಗಿದ.

"ನನ್ನ ಯಾಕ ನೋಡ್ತಿ? ತಲಿ ನಿಂದು" ಎಂದಳು ತಿಮ್ಮವ್ವ.

ಅವನು ಕನ್ನಡಿಯಲ್ಲಿ ತನ್ನ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ, ಅವಸರವಿಲ್ಲದೆ. "ಹಿಂದ ಸಣ್ಣಗ ಮಾಡ್ರಿ, ಮುಂದ ಸ್ವಲ್ಪ ಬಿಡ್ರಿ" ಎಂದ.

"ಆತು" ಎಂದ ಆದೆಪ್ಪ. ಹುಡುಗನ ಗದ್ದಕ್ಕೆ ಕೈ ಕೊಟ್ಟು ತಲೆ ನೆಟ್ಟಗೆ ಮಾಡಿ, ಕತ್ತರಿ ಹಚ್ಚಿದ.